ಕಲಬೆರಕೆಯೂ ಅಕ್ಕನ ದನಿಯೂ

ಹಾಡಿನಿಂದ ಹೆಸರು ಮಾಡಿದವರ ಕಥೆ ಹೇಳಲು ಬೇಕಾದಷ್ಟು ಜನ ಇದ್ದಾರೆ. ಇದು ಹೆಸರು ಮಾಡದೆ ಹಾಡು ಮಾತ್ರ ಮಾಡಿದವನ ಕಥೆ. ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಇವನ ವಿಷಯ ನಾಲ್ಕು ಜನಕ್ಕೆ ಗೊತ್ತಾಗಬೇಕು. ಯಾಕೆಂದರೆ ಪ್ರೀತಿಯಿಂದ ಮಾಡಿದ ಕೆಲಸವೂ ಕೆಡುತ್ತದೆ ಎನ್ನುವುದನ್ನು ಇವನಷ್ಟು ಚೆನ್ನಾಗಿ ತಿಳಿದವರು ಕಡಿಮೆ. ತಿಳಿದ ಮೇಲೂ ಇವನು ಕೈಕಟ್ಟಿ ಕೂರಲಿಲ್ಲ.

ಇವನ ಅಂಗಡಿ ಒಂದು ಓಣಿಯಲ್ಲಿದೆ. ಈ ಕಡೆ ಬೀಗ ರಿಪೇರಿಯವನು, ಆ ಕಡೆ ಹಳೇ ಪೇಪರ್ ಅಂಗಡಿ. ಒಳಗೆ ಇಬ್ಬರು ಕೂತರೆ ಮೂರನೆಯವನು ಬಾಗಿಲಲ್ಲಿ ನಿಲ್ಲಬೇಕು. ಗೋಡೆಯ ತುಂಬ ಹೊಲಿಗೆ ಯಂತ್ರದ ಬೆಲ್ಟುಗಳು ನೇತಾಡುತ್ತವೆ. ಡಬ್ಬಿಗಳಲ್ಲಿ ಸೂಜಿ, ಬಾಬಿನ್, ಸಣ್ಣ ಸ್ಕ್ರೂ. ಎಲ್ಲದಕ್ಕೂ ಎಣ್ಣೆಯ ವಾಸನೆ. ಇವುಗಳ ನಡುವೆಯೇ ಒಂದು ಅಕಾರ್ಡಿಯನ್, ತಂತಿ ಹರಿದ ಗಿಟಾರು, ಒಂದು ಡೋಲು, ಯಾರೋ ಎಸೆದ ಆಟಿಕೆ ಪಿಯಾನೊ. ಯಾವುದನ್ನೂ ಅವನು ಕಲಿತವನಲ್ಲ. ಎಲ್ಲವನ್ನೂ ನುಡಿಸುತ್ತಾನೆ.

ಜನ ಅವನನ್ನು ಕಲಬೆರಕೆ ಎಂದು ಕರೆಯುತ್ತಾರೆ. ಆ ಹೆಸರು ಬಿದ್ದದ್ದು ಅವನ ಮೊದಲ ಕಛೇರಿಯ ದಿನ, ಒಂದು ಶಾಲೆಯ ಹಾಲಿನಲ್ಲಿ. ಬ್ಯಾಂಡಿನವರ ಮೆರವಣಿಗೆಯ ಮಟ್ಟನ್ನು ಅಕಾರ್ಡಿಯನ್‌ನಲ್ಲಿ ಹಿಡಿದಿದ್ದ. ತಾಳಕ್ಕೆ ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ. ಅದರ ಮೇಲೆ ಜೋಗುಳದಂಥ ಒಂದು ರಾಗ, ಅದರ ಮೇಲೆ ರೇಡಿಯೋದಲ್ಲಿ ಕೇಳಿ ಬಾಯಿಪಾಠ ಮಾಡಿದ, ಯಾವ ದೇಶದ್ದೋ ಗೊತ್ತಿಲ್ಲದ ಒಂದು ಹಾಡು. ಹಿಂದಿನ ಸಾಲಿನಿಂದ ಒಬ್ಬರು ಗಟ್ಟಿಯಾಗಿಯೇ ಹೇಳಿದರು.

"ಇದೇನಪ್ಪಾ, ಹಾಲಿಗಿಂತ ನೀರೇ ಜಾಸ್ತಿ. ಕಲಬೆರಕೆ ಮಾಲು."

ಕೂತವರೆಲ್ಲ ನಕ್ಕರು. ಅವನೂ ನಕ್ಕ. ಮೈಕಿನಲ್ಲಿಯೇ ಉತ್ತರ ಕೊಟ್ಟ. "ಯಜಮಾನ್ರೇ, ಹಾಲು ಯಾವ್ದು ನೀರು ಯಾವ್ದು ಅಂತ ತೋರಿಸಿಬಿಡಿ, ನಾನು ಈಗ್ಲೇ ಮನೆಗೆ ಹೋಗ್ತೀನಿ."

ಮಾರನೆಯ ವಾರ ಅಂಗಡಿಯ ಬೋರ್ಡಿನ ಕೆಳಗೆ ಆ ಹೆಸರನ್ನು ಅವನೇ ಬರೆಸಿಕೊಂಡ.

ಜೊತೆಗೆ ಒಬ್ಬ ಬಸ್ ಡ್ರೈವರ್ ಇದ್ದ. ಡ್ಯೂಟಿ ಮುಗಿಸಿ ಖಾಕಿ ಅಂಗಿಯಲ್ಲೇ ಬಂದು ಟ್ರಂಪೆಟ್ ಊದುತ್ತಿದ್ದ. ಇಬ್ಬರೂ ಸೇರಿ ಕ್ಯಾಸೆಟ್ ಮಾಡಿ ಅಂಗಡಿಯಲ್ಲೇ ಇಟ್ಟುಕೊಂಡು ಕೇಳಿದವರಿಗೆ ಕೊಡುತ್ತಿದ್ದರು. ಕೇಳಿದವರು ಕಡಿಮೆ. ಕಲಬೆರಕೆಗೆ ಒಂದು ಚಾಳಿ ಇತ್ತು. ಹಾಡಿನಲ್ಲಿ ಎಲ್ಲಾದರೂ ಖಾಲಿ ಜಾಗ ಕಂಡರೆ ತಡೆಯುತ್ತಿರಲಿಲ್ಲ. ಅಲ್ಲೊಂದು ಗಂಟೆ, ಇಲ್ಲೊಂದು ಸಿಳ್ಳೆ, ಏನೂ ಇಲ್ಲದಿದ್ದರೆ ಕತ್ತರಿಯ ಶಬ್ದವಾದರೂ ಬೇಕು.

"ಅಲ್ಲಯ್ಯಾ, ಹಾಡಿಗೆ ಉಸಿರಾಡೋಕೆ ಬಿಡು," ಎನ್ನುತ್ತಿದ್ದ ಡ್ರೈವರ್. "ನನ್ನ ಬಸ್ಸಲ್ಲೂ ಇಷ್ಟು ಜನ ಹತ್ತಲ್ಲ."

ಅಂಗಡಿಯ ಹಿಂದೆ ಒಂದು ಕೋಣೆ. ಭಾವ ತೀರಿಕೊಂಡ ಮೇಲೆ ಅವನ ಅಕ್ಕ ಮಗಳನ್ನು ಕರೆದುಕೊಂಡು ಅಲ್ಲಿಗೆ ಬಂದಿದ್ದಳು. ಅವ್ವ ಇಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಕಿಟಕಿ ಪರದೆ ಹೊಲಿಯುತ್ತಿದ್ದಳು. ನೆಲದ ಮೇಲೆ ಬಟ್ಟೆ ಹರವಿ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಮಡಿಕೆ ಹಿಡಿಯುವಳು. ಪಿನ್ನು ಮುಗಿದ ಕೂಡಲೇ ಬಾಯಿಗೆ ಹಾಡು ಬರುತ್ತಿತ್ತು. ಅವಳದೇ ಹಾಡು, ಅವಳೇ ಕಟ್ಟಿದ್ದು.

ಕಿಟಕಿ ನಿನ್ನದು, ಪರದೆ ನನ್ನದು,
ಒಳಗೆ ಬಂದ ಗಾಳಿ ಯಾರದು.

ಇಷ್ಟೇ. ಇದನ್ನೇ ತಿರುಗಿಸಿ ತಿರುಗಿಸಿ ಹಾಡುವಳು. ಯಾರಾದರೂ ಬಾಗಿಲಿಗೆ ಬಂದರೆ ನಿಲ್ಲಿಸಿಬಿಡುವಳು. ಅವಳ ದನಿ ಯಾವ ವಾದ್ಯದ ಸ್ವರಕ್ಕೂ ಸರಿಯಾಗಿ ಕೂರುತ್ತಿರಲಿಲ್ಲ. ಒಂದು ಮನೆಗೂ ಪಕ್ಕದ ಮನೆಗೂ ನಡುವಿನ ಸಂದಿಯಲ್ಲಿ ನಿಂತ ಹಾಗೆ, ಎರಡು ಸ್ವರಗಳ ನಡುವೆ ಎಲ್ಲೋ ನಿಲ್ಲುತ್ತಿತ್ತು. ಕೇಳಿದವರು ಶ್ರುತಿ ಇಲ್ಲ ಎನ್ನಬಹುದು. ತಮ್ಮನಿಗೆ ಅದೇ ಬೇಕಾಗಿತ್ತು.

ಅದಕ್ಕಾಗಿ ಅವನೊಂದು ಕೆಲಸ ಮಾಡಿದ. ಅಕಾರ್ಡಿಯನ್ ಒಳಗೆ ರೀಡು ಎನ್ನುವ ಲೋಹದ ಸಣ್ಣ ನಾಲಿಗೆಗಳಿರುತ್ತವೆ. ಗಾಳಿ ತಾಗಿದರೆ ನಡುಗಿ ಸ್ವರ ಕೊಡುತ್ತವೆ. ತುದಿಯನ್ನು ಅರದಿಂದ ತಿಕ್ಕಿದರೆ ಸ್ವರ ಏರುತ್ತದೆ, ಬುಡ ತಿಕ್ಕಿದರೆ ಇಳಿಯುತ್ತದೆ. ಅವನು ಪೆಟ್ಟಿಗೆ ಬಿಚ್ಚಿ, ಅಕ್ಕ ಒಳಗೆ ಹಾಡುತ್ತಿದ್ದಾಗ ಇತ್ತ ಕೂತು, ಒಂದೊಂದೇ ನಾಲಿಗೆಯನ್ನು ಅವಳ ದನಿಗೆ ತಿಕ್ಕಿ ಕೂಡಿಸಿದ. ಒಂದು ಮಳೆಗಾಲ ಅದರಲ್ಲೇ ಕಳೆಯಿತು. ರಿಪೇರಿಗೆ ಬಂದ ಯಂತ್ರಗಳು ಬಾಗಿಲಾಚೆ ಸಾಲಾಗಿ ನಿಂತವು.

"ನನ್ನ ಟ್ರಂಪೆಟ್ಟು ಈಗ ಇದ್ರ ಜೊತೆ ಸೇರಲ್ಲ," ಎಂದು ಡ್ರೈವರ್ ಮುಖ ಗಂಟಿಕ್ಕಿದ.

"ನೀನು ಸೇರ್ಕೋ," ಎಂದ ಕಲಬೆರಕೆ.

ಆಮೇಲೆ ಅಕ್ಕನನ್ನು ಕಾಡಿದ. ಒಂದೇ ಒಂದು ಸಲ ಹಾಡು, ಟೇಪಿಗೆ ಹಿಡಿದುಕೊಳ್ಳುತ್ತೇನೆ ಎಂದ. ಬಹಳ ದಿನ ಆಗಲ್ಲ ಎಂದಳು. ಕೊನೆಗೆ ಒಪ್ಪಿದಳು. ಒಂದು ಮಾತಿನ ಮೇಲೆ.

"ನನ್ನ ದನಿ ಒಂದೇ ಇರ್ಬೇಕು. ನಿನ್ನ ಡಬ್ಬ, ತಗಡು, ಪೀಪಿ ಏನೂ ಹಾಕ್ಬಾರ್ದು."

"ಆಯ್ತಕ್ಕಾ."

"ಆಯ್ತು ಅಂತೀಯ. ನಿನ್ನ ಬುದ್ಧಿ ನಂಗೊತ್ತಿಲ್ವಾ."

ಪರದೆ ಬಟ್ಟೆಯನ್ನೇ ಕಿಟಕಿಗೆ ಮಡಿಸಿ ಕಟ್ಟಿ, ಬೀದಿಯ ಸದ್ದು ತಡೆದು, ಅವಳು ಹಾಡಿದಳು. ಕಣ್ಣು ಮುಚ್ಚಿರಲಿಲ್ಲ. ಕೈಯಲ್ಲಿದ್ದ ಹೊಲಿಗೆಯನ್ನೇ ನೋಡುತ್ತ ಹಾಡಿದಳು.

ಅವನ ಹತ್ತಿರ ಇದ್ದದ್ದು ಕ್ಯಾಸೆಟ್ಟಿನ ಮೇಲೆ ನಾಲ್ಕು ಗೆರೆ ಹಿಡಿಯುವ ಒಂದು ಯಂತ್ರ. ಒಂದೊಂದು ಗೆರೆಗೆ ಒಂದೊಂದು ದನಿ. ಐದನೆಯದು ಬೇಕೆಂದರೆ ಮೊದಲ ಮೂರನ್ನು ಕಲಸಿ ನಾಲ್ಕನೆಯ ಗೆರೆಗೆ ಸುರಿಯಬೇಕು. ಆಗ ಮೂರು ಗೆರೆ ಖಾಲಿಯಾಗುತ್ತವೆ, ಅವುಗಳ ಮೇಲೆ ಹೊಸದನ್ನು ಬರೆಯಬಹುದು. ಆದರೆ ಸುರಿದದ್ದನ್ನು ಮತ್ತೆ ಬೇರೆ ಮಾಡಲು ಬರುವುದಿಲ್ಲ.

ಮೊದಮೊದಲು ಅವನು ಮಾತಿಗೆ ಕಟ್ಟುಬಿದ್ದ. ಅಕ್ಕನ ದನಿಯನ್ನು ಒಂಟಿಯಾಗಿಯೇ ಕೇಳುತ್ತಿದ್ದ. ಕೇಳುತ್ತ ಕೇಳುತ್ತ ಕೈ ತುರಿಸಿತು. ಅಕಾರ್ಡಿಯನ್ ಒಂದೇ, ಅದೂ ಅವಳಿಗಾಗಿಯೇ ಕೂಡಿಸಿದ್ದು, ಅವಳ ಬೆನ್ನಿಗೆ ನಿಲ್ಲಲಿ ಎಂದುಕೊಂಡ. ಆಮೇಲೆ ಡೋಲು. ಆಮೇಲೆ ಡ್ರೈವರ್ ಬಂದು ಊದಿದ. ಗೆರೆ ಮುಗಿಯಿತು. ಆಟಿಕೆ ಪಿಯಾನೊಗೆ ಜಾಗ ಬೇಕಿತ್ತು. ದನಿ, ಅಕಾರ್ಡಿಯನ್, ಡೋಲು ಮೂರನ್ನೂ ಕಲಸಿ ಟ್ರಂಪೆಟ್ ಇದ್ದ ಗೆರೆಗೇ ಸುರಿದ. ಟ್ರಂಪೆಟ್ಟನ್ನು ಇನ್ನೊಂದು ಸಲ ಊದಿದರಾಯಿತು ಎಂದುಕೊಂಡ. ಬರೀ ದನಿ ಇದ್ದ ಗೆರೆಯ ಮೇಲೆ ಪಿಯಾನೊ ಬರೆದ. ದನಿಯನ್ನು ಇನ್ನೊಂದು ಸಲ ಹಾಡಿಸುವುದು ಕಷ್ಟ ಎಂದು ಆ ಗಳಿಗೆಯಲ್ಲಿ ಅವನಿಗೆ ಹೊಳೆಯಲಿಲ್ಲ. ಹಾಡು ಚೆನ್ನಾಗಿ ಬರುತ್ತಿತ್ತು. ಚೆನ್ನಾಗಿ ಬರುವಾಗ ಕೈ ನಿಲ್ಲುವುದಿಲ್ಲ.

ಅಕ್ಕ ಕೇಳಿದಳು. ಕೊನೆಯವರೆಗೂ ಕೇಳಿದಳು. ಕತ್ತರಿ ಕೆಳಗಿಟ್ಟಳು.

"ಭಾರಿ ಸಂತೆ ಆಗಿದ್ಯಲ್ಲೋ. ನಾನೆಲ್ಲಿದೀನಿ ಇದ್ರಲ್ಲಿ?"

"ಇದೀಯಲ್ಲಕ್ಕ, ನಡುವೆ."

"ಸಂತೆಯಲ್ಲಿ ಕಳೆದುಹೋದೋರೂ ನಡುವೇನೇ ಇರ್ತಾರೆ."

ಅವನು ತಲೆ ಕೆರೆದುಕೊಂಡ. "ಬಿಡಕ್ಕ, ಇನ್ನೊಂದ್ಸಲ ಹಾಡಿಬಿಡು. ಬರೀ ದನಿ ಹಿಡೀತೀನಿ."

"ನೋಡೋಣ," ಎಂದಳು.

ನೋಡೋಣ ನೋಡೋಣ ಎನ್ನುತ್ತ ಕಾಲ ಸರಿಯಿತು. ಅವಳಿಗೆ ಪರದೆಯ ಕೆಲಸ, ಅವನಿಗೆ ಬೇರೆ ಹಾಡುಗಳ ಹುಚ್ಚು. ಮಗಳು ಬೆಳೆದಳು, ನರ್ಸಾದಳು, ಮದುವೆಯಾದಳು. ಒಂದೇ ಕೋಣೆಯಲ್ಲಿ ಬೆಳಗಿಂದ ಸಂಜೆಯವರೆಗೆ ಕೇಳುವ ದನಿ ಎಲ್ಲಿ ಹೋಗುತ್ತದೆ ಎಂದು ಯಾರೂ ಅವಸರ ಮಾಡಲಿಲ್ಲ.

ದನಿ ಹೋಯಿತು. ಮೊದಲು ಬರೀ ಗಂಟಲು ಕಟ್ಟಿದ ಹಾಗಿತ್ತು. ಬಿಸಿನೀರು ಕುಡಿದಳು, ಹಟ ಮಾಡಿದಳು, ಕೊನೆಗೆ ಮಗಳೇ ಎಳೆದುಕೊಂಡು ಆಸ್ಪತ್ರೆಗೆ ಹೋದಳು. ಗಂಟಲಲ್ಲಿ ಗಡ್ಡೆ ಎಂದರು. ತೆಗೆದರು. ಜೀವ ಉಳಿಯಿತು. ಆಮೇಲೆ ಅವಳ ಬಾಯಿಂದ ಬಂದದ್ದು ಒಣ ಎಲೆ ಸರಿದ ಹಾಗೆ ಒಂದು ಪಿಸುಮಾತು ಮಾತ್ರ. ದೂರ ಇದ್ದವರನ್ನು ಕರೆಯಬೇಕಾದರೆ ಕತ್ತರಿಯಿಂದ ಮೇಜು ಬಡಿಯುವಳು.

ಮಗಳು ಬಸುರಿಯಾದಾಗ ಅಂಗಡಿಗೆ ಬಂದಳು. ಬಾಗಿಲಲ್ಲೇ ನಿಂತು ಹೇಳಿದಳು.

"ಮಾಮಾ, ಅಮ್ಮನ ಹಾಡು ನಿನ್ ಹತ್ರ ಇದ್ಯಲ್ಲ. ಅಮ್ಮನ ದನಿ ಮಾತ್ರ ಇರೋದು. ಮಗುಗೆ ಕೇಳಿಸ್ಬೇಕು. ಅಜ್ಜಿ ಅಂದ್ರೆ ಪಿಸುಪಿಸು ಅಂತ ತಿಳ್ಕೊಂಡು ಬೆಳೆಯೋದು ಬೇಡ."

ಇಲ್ಲ ಎನ್ನಬೇಕಿತ್ತು. ಅವನ ಬಾಯಿಗೆ ಬಂದದ್ದು ಬೇರೆ. "ಇದೆ, ಇದೆ. ಎಲ್ಲಿಟ್ಟಿದೀನೋ, ಹುಡುಕ್ಬೇಕು."

"ಹುಡುಕು ಮಾಮಾ. ನಂಗೆ ಬೇರೇನೂ ಬೇಡ."

ಇಲ್ಲ ಎಂದು ಗೊತ್ತಿದ್ದೂ ಎಲ್ಲ ಪೆಟ್ಟಿಗೆ ಕೆಳಗಿಳಿಸಿ ಹುಡುಕಿದ. ಹಳೆಯ ಕ್ಯಾಸೆಟ್ಟುಗಳ ಮೇಲೆಲ್ಲ ಹೊಸ ಹಾಡು ಬರೆದಿದ್ದ. ಸಿಕ್ಕಿದ್ದು ಆ ಸಂತೆಯ ಹಾಡು ಒಂದೇ. ಮಗಳು ಫೋನ್ ಮಾಡಿದಾಗಲೆಲ್ಲ ಇವತ್ತು ಸಿಗುತ್ತೆ, ನಾಳೆ ಸಿಗುತ್ತೆ ಎಂದು ಸಾಗಹಾಕಿದ.

ದಾರಿ ತೋರಿಸಿದ್ದು ಡ್ರೈವರ್. ಈಗ ಕಂಪ್ಯೂಟರ್‌ನಲ್ಲಿ ಹಾಡನ್ನು ಬಿಡಿಸಿ, ದನಿ ಬೇರೆ ವಾದ್ಯ ಬೇರೆ ಮಾಡುತ್ತಾರೆ ಎಂದು ಕೇಳಿದ್ದ. ಇಬ್ಬರೂ ಕ್ಯಾಸೆಟ್ ಹಿಡಿದು ಒಂದು ಸ್ಟುಡಿಯೋಗೆ ಹೋದರು. ಸ್ಟುಡಿಯೋದವನು ವಯಸ್ಸಲ್ಲಿ ಚಿಕ್ಕವನು, ಒಳ್ಳೆಯವನು. ಮೊದಲು ಡೋಲು ಕಳಚಿದ. ಪಿಯಾನೊ ಕಳಚಿದ. ಟ್ರಂಪೆಟ್ಟನ್ನೂ ತೆಗೆದ. ಕಲಬೆರಕೆ ಕುರ್ಚಿಯ ತುದಿಗೆ ಬಂದು ಕೂತಿದ್ದ. ಅಕ್ಕನ ದನಿ ಹತ್ತಿರ ಹತ್ತಿರ ಬರುತ್ತಿತ್ತು.

ಅಲ್ಲಿಗೆ ನಿಂತಿತು. ಅಕಾರ್ಡಿಯನ್ ತೆಗೆಯಲು ಹೋದರೆ ದನಿಯೂ ಅದರ ಜೊತೆ ಹೋಗುತ್ತಿತ್ತು. ದನಿ ಉಳಿಸಲು ಹೋದರೆ ಅಕಾರ್ಡಿಯನ್ ಉಳಿಯುತ್ತಿತ್ತು. ಬಲವಂತವಾಗಿ ಎಳೆದರೆ ಬಾವಿಯ ತಳದಿಂದ ಯಾರೋ ಬಿಂದಿಗೆಯೊಳಗೆ ನರಳಿದ ಹಾಗೆ ಕೇಳುತ್ತಿತ್ತು. ಸ್ಟುಡಿಯೋದವನು ಬಹಳ ಹೊತ್ತು ಗುದ್ದಾಡಿ ಕಿವಿಯ ಮೇಲಿನ ಹೆಡ್‌ಫೋನ್ ತೆಗೆದಿಟ್ಟ.

"ಬೇರೆ ಮಾಡೋಕೆ ಎರಡರ ನಡುವೆ ಏನಾದ್ರೂ ವ್ಯತ್ಯಾಸ ಬೇಕಲ್ಲ, ಅಂಕಲ್. ಪೆಟ್ಟಿಗೆ ಎಲ್ಲಿ ಮುಗೀತು, ಅವ್ರು ಎಲ್ಲಿ ಶುರು ಆದ್ರು ಅಂತ ಇದಕ್ಕೆ ಗೊತ್ತಾಗ್ತಿಲ್ಲ. ದನಿಗೆ ಇಷ್ಟು ಹೊಂದ್ಕೊಂಡಿರೋ ಅಕಾರ್ಡಿಯನ್ ನಾನು ಕೇಳೇ ಇಲ್ಲ. ಯಾರು ಕೂಡಿಸಿದ್ದು? ಒಳ್ಳೆ ಕೆಲ್ಸ."

ಕಲಬೆರಕೆಯ ಹಾಡಿಗೆ ಅಷ್ಟು ವರ್ಷದಲ್ಲಿ ಸಿಕ್ಕ ದೊಡ್ಡ ಹೊಗಳಿಕೆ ಅದು. ಡ್ರೈವರ್ ಅವನ ಭುಜ ಹಿಡಿದು ಮೆಟ್ಟಿಲು ಇಳಿಸಿದ. ಬೇರೆ ಯಾವ ಹಾಳು ಪೆಟ್ಟಿಗೆ ನುಡಿಸಿದ್ದರೂ, ಶ್ರುತಿ ಕೆಟ್ಟಿದ್ದರೂ, ಅಕ್ಕನ ದನಿ ಬಿಡಿಸಿಕೊಂಡು ಹೊರಗೆ ಬರುತ್ತಿತ್ತು.

ಅಂದು ಸಂಜೆಯೇ ಮಗಳ ಮನೆಗೆ ಹೋದ. ಅಕ್ಕನೂ ಅಲ್ಲೇ ಇದ್ದಳು, ಮಗುವಿನ ಬಟ್ಟೆಗೆ ಅಂಚು ಹೊಲಿಯುತ್ತಿದ್ದಳು. ನಿಂತುಕೊಂಡೇ ಹೇಳಿದ.

"ಟೇಪು ಕಳೆದಿಲ್ಲ. ನೀನು ಕೇಳಿದಾಗ್ಲೇ ಇರ್ಲಿಲ್ಲ. ನಾನೇ ಎಲ್ಲಾದ್ರ ಜೊತೆ ಕಲಸಿಬಿಟ್ಟಿದ್ದೆ. ಈಗ ಬಿಡ್ಸೋಕೆ ಆಗಲ್ಲ."

ಮಗಳು ಅವನ ಮುಖ ನೋಡಿದಳು. "ಮತ್ತೆ ಇಷ್ಟು ದಿನ ಹುಡುಕ್ತಿದೀನಿ ಅಂದೆ?"

"ಅಂದೆ."

"ನಾನು ಕಾಯ್ತಾ ಇದ್ದೆ ಮಾಮಾ." ಅಷ್ಟು ಹೇಳಿ ಒಳಗೆ ಹೋದಳು. ಬಾಗಿಲು ಹಾಕಿಕೊಂಡಳು.

ಅಕ್ಕ ಕತ್ತರಿಯಿಂದ ಮೇಜು ತಟ್ಟಿ ಹತ್ತಿರ ಕರೆದಳು. ಅವಳ ಪಿಸುಮಾತು ಕೇಳಲು ಅವನು ಬಗ್ಗಬೇಕಾಯಿತು.

"ನಾನು ಅವತ್ತೇ ಹೇಳಿದ್ನಾ ಇಲ್ವಾ?"

"ಹೇಳಿದ್ದೆ ಅಕ್ಕಾ."

"ಹಾಡು ಚೆನ್ನಾಗಿತ್ತು ಕಣೋ. ಅದನ್ನ ಅವತ್ತು ಹೇಳ್ಲಿಲ್ಲ. ಹೇಳಿದ್ರೆ ನೀನು ಇನ್ನೂ ನಾಲ್ಕು ಡಬ್ಬ ಬಡೀತಿದ್ದೆ." ಹೊಲಿಗೆಯ ದಾರ ಕತ್ತರಿಸಿ ಮತ್ತೆ ಹೇಳಿದಳು. "ಆದ್ರೂ ಬರೀ ನನ್ನ ದನಿ ಒಂದ್ಸಲ ನಂಗೂ ಕೇಳ್ಬೇಕಿತ್ತು. ಹೇಗಿತ್ತು ಅನ್ನೋದೇ ಮರ್ತುಹೋಗಿದೆ."

ಮಗಳಿಗಿಂತ ಹೆಚ್ಚಾಗಿ ಅಕ್ಕನಿಗೇ ಅದು ಬೇಕಾಗಿತ್ತು ಎಂದು ಅವನಿಗೆ ಆಗ ತಿಳಿಯಿತು. ವಾಪಸಾಗುವಾಗ ಅವನು ದಾರಿಯುದ್ದಕ್ಕೂ ಅಳುತ್ತ ಬಂದ ಎಂದು, ಹೊರಗೆ ಕಾದಿದ್ದ ಡ್ರೈವರ್ ಹೇಳುತ್ತಾನೆ. ಕಲಬೆರಕೆ ಆ ಮಾತು ಎತ್ತುವುದಿಲ್ಲ.

ಮಗಳು ಬಹಳ ಕಾಲ ಅಂಗಡಿಯ ಕಡೆ ಸುಳಿಯಲಿಲ್ಲ. ಮಗು ಹುಟ್ಟಿದ್ದನ್ನೂ ಡ್ರೈವರ್ ಬಂದು ಹೇಳಬೇಕಾಯಿತು. ಒಂದು ಮಧ್ಯಾಹ್ನ ಮಗುವನ್ನು ಹೆಗಲಿಗೆ ಹಾಕಿಕೊಂಡು ತಾನೇ ಬಂದಳು. ಸಿಟ್ಟು ಪೂರ್ತಿ ಇಳಿದಿರಲಿಲ್ಲ.

"ಅಮ್ಮನ ಹಾಡು ನಾನು ಹಾಡ್ತೀನಿ. ಹಿಡ್ಕೋ. ನಂಗೂ ಏನಾದ್ರೂ ಆಗೋಕೆ ಮುಂಚೆ."

"ಬಿಡ್ತು ಅನ್ನು," ಎಂದ ಅವನು. ಎದ್ದು ಅಕಾರ್ಡಿಯನ್ ತೆಗೆದುಕೊಂಡು ಹೋಗಿ ಬೀಗದವನ ಅಂಗಡಿಯಲ್ಲಿಟ್ಟು ಬಂದ. ಡೋಲನ್ನೂ ಇಟ್ಟು ಬಂದ. ಬಂದು ಯಂತ್ರ ಒತ್ತಿ, ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ.

ಅವಳು ಹಾಡುಗಾರ್ತಿಯಲ್ಲ. ನಡುವೆ ಉಸಿರು ಸಿಕ್ಕಿಕೊಂಡಿತು. ಮಗು ಕುಂಯ್ ಎಂದಿತು. ಓಣಿಯಲ್ಲಿ ಸೈಕಲ್ ಹೋಯಿತು. ಅವನು ಯಾವುದನ್ನೂ ತೆಗೆಯಲಿಲ್ಲ, ಏನನ್ನೂ ಸೇರಿಸಲಿಲ್ಲ.

"ಅಮ್ಮನ ಹಾಗಿಲ್ಲ ಅಲ್ವಾ?" ಎಂದಳು.

"ಇಲ್ಲ," ಎಂದ. ಸುಳ್ಳು ಹೇಳುವ ಶಕ್ತಿ ಅವನಲ್ಲಿ ಮುಗಿದಿತ್ತು. "ನಿನ್ನ ಹಾಗಿದೆ."

ಈಗಲೂ ಅವನು ಹಾಡು ಮಾಡುತ್ತಾನೆ. ಡ್ರೈವರ್ ಊದುತ್ತಾನೆ. ಮೊದಲಿನ ಜೋರು ಇಲ್ಲ. ಅಕ್ಕನಿಗೆ ಕೂಡಿಸಿದ ಪೆಟ್ಟಿಗೆಯನ್ನು ಅವನು ನುಡಿಸುವುದಿಲ್ಲ, ಮಾರುವುದೂ ಇಲ್ಲ. ಅದರ ಮೇಲೆ ಬಟ್ಟೆ ಹೊದಿಸಿಟ್ಟಿದ್ದಾನೆ. ಅಕ್ಕ ತನ್ನ ದನಿಯನ್ನು ಒಂಟಿಯಾಗಿ ಕೇಳಲೇ ಇಲ್ಲ, ಇನ್ನು ಕೇಳುವುದೂ ಇಲ್ಲ. ಅದನ್ನು ಸರಿಮಾಡಿದೆ ಎಂದು ಅವನು ಯಾರ ಮುಂದೆಯೂ ಹೇಳುವುದಿಲ್ಲ.

ಆದರೆ ಅಕ್ಕನ ಮಗಳು ಹಾಡಿ ಹೋದ ಮೇಲೆ ಒಂದು ಕೆಲಸ ಹಿಡಿದಿದ್ದಾನೆ. ಯಾರು ಬಂದು ಕೇಳಿದರೂ ಅವರ ದನಿಯನ್ನು ಹಿಡಿದು ಕೊಡುತ್ತಾನೆ. ಹಾಡಬೇಕೆಂದಿಲ್ಲ. ಬೈದರೂ ಆಯಿತು, ಲೆಕ್ಕ ಹೇಳಿದರೂ ಆಯಿತು. ಪೇಪರ್ ಅಂಗಡಿಯವನು ತನ್ನ ಅವ್ವನನ್ನು ಕರೆತಂದ. ಅವಳು ಕೂತಷ್ಟು ಹೊತ್ತೂ ಸೊಸೆಯ ಮೇಲೆ ದೂರು ಹೇಳಿದಳು. ಅದನ್ನೂ ಹಾಗೇ ಹಿಡಿದುಕೊಟ್ಟ.

ನೀವೂ ಒಮ್ಮೆ ಹೋಗಿ ಅವನನ್ನು ಕಾಣಿ. ಹೊಲಿಗೆ ಯಂತ್ರ ಕೆಟ್ಟಿದ್ದರೆ ಅದನ್ನೂ ತೆಗೆದುಕೊಂಡು ಹೋಗಿ, ಕೆಲಸ ಚೊಕ್ಕವಾಗಿ ಮಾಡುತ್ತಾನೆ. ಒಬ್ಬರೇ ಹೋಗಬೇಡಿ. ಮನೆಯಲ್ಲಿ ಯಾರ ದನಿ ದಿನವೂ ಕೇಳಿ ಕೇಳಿ ನಿಮಗೆ ಸಾಕಾಗಿದೆಯೋ ಅವರನ್ನು ಜೊತೆಗೆ ಕರೆದುಕೊಂಡು ಹೋಗಿ. ನೋಡೋಣ ಎನ್ನಬೇಡಿ.