ದಾರ ಕಡಿಯುವ ಹಲ್ಲು

ಟೈಲರಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಎಂದು ಬೀದಿಯೆಲ್ಲ ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ. ಅವಳು ಕಂಡಿದ್ದನ್ನು ಕಂಡೂ ಕೋಪ ಬರದವರನ್ನೇ ಮೊದಲು ಡಾಕ್ಟರಿಗೆ ತೋರಿಸಬೇಕು.

ಅವಳ ಹೊಲಿಗೆ ಮಷೀನಿನ ಪಕ್ಕ ಗಾಲಿಕುರ್ಚಿಯಲ್ಲಿ ತಮ್ಮ ಕೂರುತ್ತಾನೆ. ಮೂವತ್ತೆರಡು ವರ್ಷ. ಹುಟ್ಟಿದಾಗಿನಿಂದ ಕೈಕಾಲು ಅವನ ಮಾತು ಕೇಳುವುದಿಲ್ಲ, ನಾಲಿಗೆಯೂ ಅಷ್ಟಕ್ಕಷ್ಟೇ. ಆಗಾಗ ಫಿಟ್ಸ್ ಬೇರೆ. ಮುಂದಿನ ಹಲ್ಲು ಮಾತ್ರ ಕತ್ತರಿಗಿಂತ ಚೂಪು. ಅಕ್ಕ ಗುಂಡಿ ಹೊಲಿದು ದಾರವನ್ನು ಬಾಯಿಯ ಹತ್ತಿರ ಹಿಡಿದರೆ ಸಾಕು, ಟಕ್ಕೆಂದು ಕಡಿಯುತ್ತಾನೆ. ಬಟ್ಟೆಗೆ ಒಂದು ಹನಿ ಎಂಜಲು ತಾಗುವುದಿಲ್ಲ. ಅವಳೇನಾದರೂ ಕತ್ತರಿ ಎತ್ತಿಕೊಂಡರೆ ಮುಖ ಊದಿಸಿಕೊಳ್ಳುತ್ತಾನೆ. ಅದು ಅವನ ಕೆಲಸ.

ಒಂದು ದಿನ ಅವನು ದಾರ ಕಡಿಯದೆ ಮುಖ ತಿರುಗಿಸಿದ. ಮರುದಿನವೂ ಅಷ್ಟೆ. ಹಲ್ಲುಜ್ಜಿಸಲು ಹೋದರೆ ಬಾಯಿಯನ್ನೇ ಬಿಡಲಿಲ್ಲ. ಹಠವೆಂದು ಅಕ್ಕ ಗದರಿದಳು; ಅದನ್ನು ನೆನೆಸಿಕೊಂಡರೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ ಅವಳಿಗೆ. ವಾರದೊಳಗೆ ಅವನು ಊಟ ಬಿಟ್ಟ, ಕುರ್ಚಿಯ ಅಂಚಿಗೆ ಕೆನ್ನೆ ಚಚ್ಚಿಕೊಳ್ಳತೊಡಗಿದ. ಫಿಟ್ಸಿಗೆ ನೋಡುವ ಡಾಕ್ಟರು ಕೂತಲ್ಲಿಂದಲೇ ಅವನ ಕಡೆ ಒಮ್ಮೆ ಕಣ್ಣು ಹಾಯಿಸಿ, ಇಂಥವರಿಗೆ ವಯಸ್ಸಾದ ಹಾಗೆ ಸಿಟ್ಟು ಹೆಚ್ಚುತ್ತದೆ ಎಂದು ಮಾತ್ರೆ ಬರೆದರು. ಐದು ತಿಂಗಳು ಅವನು ಜೊಲ್ಲು ಸುರಿಸುತ್ತ ತೂಕಡಿಸಿದ. ಐದು ತಿಂಗಳಲ್ಲಿ ಒಬ್ಬ ಪುಣ್ಯಾತ್ಮನಾದರೂ ಆ ಬಾಯಿ ತೆರೆಸಿ ನೋಡಲಿಲ್ಲ. ದಿಂಬಿನ ಮೇಲೆ ಕೀವು, ರಕ್ತ ಕಂಡ ಮೇಲೆ ಮಷೀನಿನ ದೀಪ ಹಿಡಿದು ನೋಡಿದವಳು ಅಕ್ಕನೇ. ಎರಡು ದವಡೆ ಹಲ್ಲು ಕೊಳೆತು ಟೊಳ್ಳಾಗಿದ್ದವು.

ಮೊದಲ ಕ್ಲಿನಿಕ್ಕಿಗೆ ಹದಿನಾಲ್ಕು ಮೆಟ್ಟಿಲು. ಗಾಲಿಕುರ್ಚಿ ಹತ್ತಲಾರದು, ಡಾಕ್ಟರು ಇಳಿಯಲಾರರು. ಎರಡನೆಯವರು ಫಿಟ್ಸ್ ಡಾಕ್ಟರ ಚೀಟಿ ಕೇಳಿದರು. ಫಿಟ್ಸ್ ಡಾಕ್ಟರು ಮೊದಲು ಹಲ್ಲಿನವರು ಬರೆದುಕೊಡಲಿ ಎಂದರು. ಕೊನೆಗೆ ದೊಡ್ಡಾಸ್ಪತ್ರೆ, ಪೂರ್ತಿ ಮತ್ತಿನ ಮದ್ದು ಕೊಟ್ಟು ಹಲ್ಲು ಕೀಳುವ ದಿನಕ್ಕಾಗಿ ಮೂರು ತಿಂಗಳ ಕಾಯುವಿಕೆ.

ಆ ದಿನವೂ ಬಂತು. ಅಲ್ಲಿನ ಹಲ್ಲಿನ ಡಾಕ್ಟರು ಒಪ್ಪಿಗೆಯ ಕಾಗದ ಮುಂದೆ ಸರಿಸಿದರು. ಅದರಲ್ಲಿ ಇದ್ದದ್ದು ಎರಡು ಹಲ್ಲಲ್ಲ, ಇಪ್ಪತ್ತೆಂಟು.

“ಪದೇ ಪದೇ ಮತ್ತು ಕೊಡೋದು ಅಪಾಯ. ಒಂದೇ ಸಲ ಎಲ್ಲಾ ತೆಗೆದುಬಿಡೋಣ. ಹೇಗೂ ಮೆತ್ತಗಿರೋದನ್ನೇ ತಿನ್ನೋದು. ಇವರಿಗೆ ಹಲ್ಲು ಯಾಕಮ್ಮ?”

ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡವರ ಗಾದೆ ಅವಳಿಗೆ ಗೊತ್ತಿತ್ತು. ಇನ್ನೊಬ್ಬರ ಮೂಗು ಕೊಯ್ಯಲು ಸಹಿ ಕೇಳುವವರನ್ನು ಕಂಡದ್ದು ಇದೇ ಮೊದಲು. ಒಪ್ಪದಿದ್ದರೆ ಇವತ್ತಿನ ಸರದಿ ಇನ್ನೊಬ್ಬರಿಗೆ ಹೋಗುತ್ತದೆ, ಮತ್ತೆ ಮೂರು ತಿಂಗಳು ಎಂದರು ಡಾಕ್ಟರು. ತಮ್ಮನ ಕೆನ್ನೆ ಬಾತು ಆ ಬದಿಯ ಕಣ್ಣೇ ಮುಚ್ಚಿಹೋಗಿತ್ತು. ಅಕ್ಕ ಪೆನ್ನು ಎತ್ತಿಕೊಂಡಳು.

ಅವಳು ಪೆನ್ನು ಕೆಳಗಿಟ್ಟು, ಚೀಲದಿಂದ ದಾರದ ಉಂಡೆ ತೆಗೆದು, ಒಂದು ಎಳೆಯನ್ನು ತಮ್ಮನ ಬಾಯಿಯ ಹತ್ತಿರ ಹಿಡಿದಳು. ಅವನು ಅವಳನ್ನು ನೋಡಿದ, ಡಾಕ್ಟರನ್ನು ನೋಡಿದ. ನೋವಿನಿಂದ ಕಣ್ಣೀರು ಇಳಿಯುತ್ತಿದ್ದರೂ ಬಾಯಿ ತೆರೆದು ಟಕ್ಕೆಂದು ಕಡಿದ.

“ಇದು ಅವನ ಕೆಲಸ. ಬಾಯಿ ಅವನದು, ಅವನನ್ನೇ ಕೇಳಿ,” ಎಂದಳು ಅಕ್ಕ.

ಡಾಕ್ಟರು ಆಗ ಬಗ್ಗಿದರು. ಅಷ್ಟು ಹೊತ್ತಿನಲ್ಲಿ ಮೊದಲ ಸಲ ಅವನ ಮುಖ ನೋಡಿ, ಎಲ್ಲಾ ತೆಗೆಯಲೇ ಎಂದು ಕೇಳಿದರು. ಅವನು ಬೇಡವೆಂದು ತಲೆ ಅಲ್ಲಾಡಿಸಿದ. ನಾಲಿಗೆ ಹೊರಳಿಸಿ, ಹೆಣಗಿ, ಒಂದೇ ಮಾತು ಆಡಿದ: “ಎ...ರಡು.” ಡಾಕ್ಟರು ಕಾಗದದಲ್ಲಿದ್ದದ್ದನ್ನು ಹೊಡೆದುಹಾಕಿ ತಿದ್ದಿದರು.

ಸಿಟ್ಟಿನ ಮಾತ್ರೆಯನ್ನು ಆಸ್ಪತ್ರೆಯವರೇ ನಿಲ್ಲಿಸಿದರು. ತಿಂಗಳಾದ ಮೇಲೆ ಫಿಟ್ಸ್ ಡಾಕ್ಟರು ತಣ್ಣಗೆ ಕೂತಿದ್ದ ತಮ್ಮನನ್ನು ನೋಡಿ, ತಾವು ಬರೆದ ಮಾತ್ರೆ ಎಷ್ಟು ಚೆನ್ನಾಗಿ ಹಿಡಿದಿದೆ ಎಂದು ಬೀಗಿದರು. ಅಕ್ಕ ಸೆರಗಿನ ಗಂಟು ಬಿಚ್ಚಿ, ನರ್ಸಮ್ಮನ ಹತ್ತಿರ ಕೇಳಿ ತಂದಿದ್ದ ಎರಡು ಕಪ್ಪು ಹಲ್ಲುಗಳನ್ನು ಅವರ ಮೇಜಿನ ಮೇಲಿಟ್ಟಳು.

“ಅವನ ಸಿಟ್ಟು ಇದು, ಡಾಕ್ಟ್ರೇ. ನನ್ನದು ಇನ್ನೂ ನನ್ನ ಹತ್ತಿರಾನೇ ಇದೆ.”