ಭೋಂಗಾ ಊದುವ ಮುಂಚೆ

ನನ್ನ ಮೊಮ್ಮಗಳಿಗೆ ಕೆಲಸ ಸಿಕ್ಕಿದೆ! ಅಂಗನವಾಡಿಯಲ್ಲಿ ಕಲಿಸುವ ಅಕ್ಕೋರಿಗೇ ಪಾಠ ಹೇಳುವ ಕೆಲಸ. ಹೊಡೆಯುವ, ಕಚ್ಚುವ, ಹಠ ಹಿಡಿಯುವ ಮಕ್ಕಳನ್ನು ಹೇಗೆ ಸಂಭಾಳಿಸಬೇಕೆಂದು ಹಳಿಯಾಳ, ಜೋಯಿಡಾ ಕಡೆಯೆಲ್ಲ ತಿರುಗಿ ಹೇಳಿಕೊಡುತ್ತಾಳಂತೆ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಖುಷಿ ತಡೆಯಲಾಗದೆ ಬರೆಯಲು ಕೂತಿದ್ದೇನೆ.

ಬೆಳಿಗ್ಗೆ ಹುಗ್ಗಿಗೆಂದು ಗೋಧಿ ಬೇಯಿಸಿ ಬೆಲ್ಲ ಹಾಕಿದೆ ನೋಡಿ, ಆ ವಾಸನೆಗೆ ದಾಂಡೇಲಿಯ ನಮ್ಮ ಓಣಿಯ ಅಂಗನವಾಡಿಯೇ ಕಣ್ಣ ಮುಂದೆ ಬಂತು; ಅಲ್ಲೂ ಮಕ್ಕಳಿಗೆ ಇದನ್ನೇ ಬೇಯಿಸುತ್ತಿದ್ದರು. ಅಲ್ಲಿನ ಅಕ್ಕೋರು... ತೆಳ್ಳಗಿನ ಹೆಂಗಸು, ಎಂದೂ ದನಿ ಏರಿಸಿದವರಲ್ಲ.

ಆಗ ಈ ಮೊಮ್ಮಗಳಿಗೆ ಮೂರು ವರ್ಷ. ಪಕ್ಕದಲ್ಲಿ ಕೂತ ಮಕ್ಕಳನ್ನು ಹಲ್ಲಿನ ಗುರುತು ಮೂಡುವ ಹಾಗೆ ಕಚ್ಚುತ್ತಿದ್ದಳು. ತಾಯಂದಿರು ಜಗಳಕ್ಕೆ ಬಂದರು. "ಈ ಹುಡುಗೀನ ತಗದ ಹಾಕ್ರಿ, ಇಲ್ಲಾಂದ್ರ ನಮ್ಮ ಮಕ್ಕಳನ್ನ ಕಳಸೂದಿಲ್ಲ!" ತೆಗೆದುಹಾಕಿದ್ದರೆ ಅವಳವ್ವನೋ ನಾನೋ ಕೂಲಿ ಬಿಟ್ಟು ಮನೆಯಲ್ಲಿ ಕೂರಬೇಕಿತ್ತು. ನಾನೇ ಒಂದು ಕೋಲು ಒಯ್ದು ಕೊಟ್ಟೆ. "ಬಡೀರಿ ಅಕ್ಕೋರ, ನಾ ಏನೂ ಅನ್ನೂದಿಲ್ಲ."

ಅವರು ಆ ಕೋಲನ್ನು ಅಂಗಳದ ಅವರೆ ಬಳ್ಳಿಗೆ ಆಸರೆಯಾಗಿ ನೆಟ್ಟರು. "ಎಂಟು ದಿನಾ ತಡೀರಿ," ಎಂದರು.

ಎಂಟು ದಿನ ಅವಳ ಬೆನ್ನಿಗೇ ಇದ್ದು ನೋಡಿದರು. ಆಮೇಲೆ ನನ್ನನ್ನು ಕರೆದು, "ಕಾರ್ಖಾನಿ ಭೋಂಗಾ ಊದಿದಾಗಷ್ಟ ಕಚ್ಚತಾಳ್ರೀ. ಮನ್ಯಾಗ ಏನರ ಹೇಳೀರೇನು?" ಎಂದು ಕೇಳಿದರು.

ನನ್ನ ಮುಖ ಬಾಡಿತು. ಕಾಗದದ ಕಾರ್ಖಾನೆಯ ಪಾಳಿ ಬದಲಾಗುವಾಗ ಆ ಸೈರನ್ ಕೇಳಿಸಿದರೆ ಸಾಕು, "ಉಣ್ಣು, ಇಲ್ಲಾಂದ್ರ ಭೋಂಗಾ ಬಂದು ಒಯ್ತೈತಿ" ಎಂದು ಹೆದರಿಸಿ ತುತ್ತು ತುರುಕುತ್ತಿದ್ದವಳು ನಾನೇ...

ಅಕ್ಕೋರು ಬೈಯಲಿಲ್ಲ. ಮರುದಿನದಿಂದ ಭೋಂಗಾ ಊದುವ ಮುಂಚೆ ಅವಳ ಕೈಗೆ ತಾಟು, ಚಮಚ ಕೊಟ್ಟು ಬಾರಿಸಲು ಹಚ್ಚಿದರು. ಮಕ್ಕಳೆಲ್ಲ ಸೇರಿ ಭೋಂಗಾಕ್ಕಿಂತ ಜೋರಾಗಿ "ಭೋಂ..." ಎಂದು ಕೂಗಬೇಕು! ತಿಂಗಳೊಳಗೆ ಕಚ್ಚುವುದು ನಿಂತಿತು. ಪಕ್ಕದ ಓಣಿಗೆ ಹೊಸದಾಗಿ ಬಂದ ಅಕ್ಕೋರೊಬ್ಬರು ಇಂಥದೇ ಮಗುವಿನ ಕಾಟಕ್ಕೆ ಅಳುತ್ತ ಬಂದಾಗ ಇವರು, "ಕಚ್ಚಿದ್ದನ್ನ ಆಮ್ಯಾಲೆ ನೋಡವಾ, ಅದಕ್ಕೂ ಮುಂಚೆ ಏನಾತು ಅದನ್ನ ಬರಕೋ" ಎಂದದ್ದನ್ನೂ ನಾನು ಕೇಳಿದ್ದೇನೆ.

ಈ ಸಂಜೆ ಮನೆಮಂದಿಯೆಲ್ಲ ಸಾಲಾಗಿ ಉಣ್ಣಲು ಕೂತೆವು. "ಮೊದಲ ಏನ ಕಲಸ್ತಿ?" ಎಂದು ಮಗ ಮೊಮ್ಮಗಳನ್ನು ಕೇಳಿದ.

"ನಮ್ಮ ಆಯಿ ಮಾಡಿದ ತಪ್ಪು!"

ಎಲ್ಲರಿಗಿಂತ ಜೋರಾಗಿ ನಕ್ಕವಳು ಆ ಆಯಿ, ಅವಳಜ್ಜಿ ನಾನೇ. ನಗುತ್ತಲೇ ಕಣ್ಣು ತುಂಬಿದವು. ಹೋದ ಮಳೆಗಾಲದಲ್ಲಿ ತೀರಿಕೊಂಡ ಅಕ್ಕೋರಿಗೆ ಈ ಸುದ್ದಿ ಯಾರು ಮುಟ್ಟಿಸಬೇಕು... ಮೊಮ್ಮಗಳು ನನ್ನ ತಾಟಿಗೆ ತುಪ್ಪ ಬಡಿಸಿ, ತನ್ನ ತಾಟು ಎತ್ತಿಕೊಂಡು ಬಂದು ನನಗೆ ಆತು ಕೂತಳು. ಎಲ್ಲರೂ ಉಂಡೆವು.