ಜಯನಗರದಲ್ಲಿ ಏಳು ಮಾತ್ರೆ

ಜಯನಗರ, ಭಾನುವಾರ ಬೆಳಿಗ್ಗೆ. ಮಗಳ ಮದುವೆ ಮಾತಿಗೆ ಧಾರವಾಡದಿಂದ ಹುಡುಗನ ಮನೆಗೆ ಬಂದಿದ್ದೇನೆ. ಹುಡುಗ, ಹುಡುಗಿ ಒಪ್ಪಿದ್ದಾರೆ. ಮಾತು ನಿಂತಿರುವುದು ಆರತಕ್ಷತೆಯ ಸಂಗೀತ ಕಚೇರಿಯ ವಿಷಯದಲ್ಲಿ. ನಮಗೆ ಹಿಂದೂಸ್ತಾನಿ ಬೇಕು. ಹುಡುಗನ ತಂದೆ ರಾಯರಿಗೆ ಕರ್ನಾಟಕ ಸಂಗೀತವೇ ಆಗಬೇಕು. "ನೋಡೋಣ ಸಾರ್" ಎಂದು ಮೂರನೇ ಸಲ ಹೇಳಿ ಟೀವಿ ಹಾಕಿದರು. ನಿನ್ನೆಯಿಂದ ನಾನು ಅವರಿಗೆ ಬರೀ 'ಸಾರ್'.

ದೇಶ ದೇಶಗಳ ನಡುವಿನ ಹಾಡಿನ ಸ್ಪರ್ಧೆಯೊಂದರ ಮರುಪ್ರಸಾರ ಬರುತ್ತಿತ್ತು. ಒಂದೊಂದು ದೇಶದ ಕಿವಿ ಒಂದೊಂದು ಥರ ಅನ್ನುತ್ತಾರೆ. ಇಲ್ಲಿ ಎಲ್ಲ ದೇಶದ್ದೂ ಒಂದೇ ಹೊಗೆ, ಒಂದೇ ಬೆಂಕಿ, ಒಂದೇ ಮಿಂಚುವ ಅಂಗಿ. ಆಮೇಲೆ ಬಾಲ್ಕನ್ ಕಡೆಯ ಹೆಂಗಸೊಬ್ಬಳು ಬರೀ ಒಂದು ಡೋಲು ಇಟ್ಟುಕೊಂಡು ಹಾಡಿದಳು. ನನ್ನ ಕೈ ತಾನಾಗಿಯೇ ತೊಡೆ ತಟ್ಟತೊಡಗಿತು. ಪಕ್ಕಕ್ಕೆ ನೋಡಿದರೆ ರಾಯರ ಕೈಯೂ ತಟ್ಟುತ್ತಿತ್ತು. ಮೂರು, ಎರಡು, ಎರಡು.

"ನಮ್ಮ ಹಿಂದೂಸ್ತಾನಿ ರೂಪಕ ತಾಳ ಅದರೀ ಇದು!" ಎಂದೆ.

"ಅಲ್ಲ ಸಾರ್, ಮಿಶ್ರಛಾಪು!"

ಎರಡಕ್ಕೂ ಏಳೇ ಮಾತ್ರೆ; ಹೆಸರಿಗೆ ಜಗಳವಾಡಿದೆವೇ ಹೊರತು ಇಬ್ಬರ ಪೆಟ್ಟೂ ಒಟ್ಟಿಗೇ ಬೀಳುತ್ತಿತ್ತು.

ಕೊನೆಗೆ ಅಂಕ ಕೊಟ್ಟಾಗ ಅವಳ ದೇಶ ಕೆಳಗಿನಿಂದ ಎರಡನೆಯದು. ರಾಯರು ರಿಮೋಟನ್ನು ಸೋಫಾ ಮೇಲೆ ಎಸೆದರು. "ಇವ್ರಿಗೆಲ್ಲ ಕಿವಿ ಇದ್ಯೋ ಇಲ್ವೋ!"

"ಹೊಗಿಗೆ ಮಾರ್ಕ್ಸ್ ಕೊಟ್ಟಾರ್ರೀ," ಎಂದೆ.

ಅವರು ಜೋರಾಗಿ ನಕ್ಕು ಅಡುಗೆಮನೆ ಕಡೆ ತಿರುಗಿ ಹೆಂಡತಿಗೆ ಕೂಗಿ ಹೇಳಿದರು: "ಕೇಳಿಸ್ತಾ? ನಮ್ಮ ಬೀಗರಿಗೆ ಇನ್ನೊಂದ್ ಲೋಟ ಕಾಫಿ!"